ಮದುವಿ ಆದ್ರ ರಿಪೇರಿ ಆಗ್ತಾನಂತ!

ಶೇಂಗಾ ಹುರಿದು, ಸಿಪ್ಪೆ ಕೇರಿ, ಕಬ್ಬಿಣದ ಕಲಬತ್ತದಲ್ಲಿ ಹಿಡಿ ಹಿಡಿಯಾಗಿ ಹಾಕಿಕೊಂಡು ಚಟ್ನಿ ಕುಟ್ಟುತ್ತಿದ್ದೆ. ಮಿಕ್ಸರ್ ಕೆಟ್ಟು ದಸ್ತಗೀರ ಭಾಯಿಯ ಅಂಗಡಿ ಸೇರಿ ನಾಲ್ಕು ದಿನವಾಗಿತ್ತು. ಅದು ಇದ್ದಾಗ ಎರಡು ನಿಮಿಷದ ಕೆಲಸ, ಇಲ್ಲದಾಗ ಅರ್ಧ ಮುಂಜಾನೆ. ಕುಟ್ಟಿದ ಚಟ್ನಿಯ ರುಚಿಯೇ ಬೇರೆ ಎಂದು ನಮ್ಮವರು ಮಾತ್ರ ಎರಡು ರೊಟ್ಟಿ ಹೆಚ್ಚು ತಿಂದಿದ್ದರು. ಅದನ್ನು ನಾನು ಹಿಂದಿನ ಸಂಜೆಯೇ ದೇವರಿಗೆ ಹೇಳಿ ಮುಗಿಸಿದ್ದೆ. ನನ್ನದೊಂದು ರೂಢಿ: ಸಂಜೆ ದೇವರ ಜಗಲಿಯ ಮುಂದೆ ದೀಪ ಹಚ್ಚಿದ ಮೇಲೆ ಐದು ಬೆರಳು ಮಡಚಿ ಆ ದಿನದ ಐದು ಉಪಕಾರ ನೆನೆಯುತ್ತೇನೆ. ನಳಕ್ಕೆ ನೀರು ಬಂತು, ಒಂದು. ಹಾಲು ಒಡೆಯಲಿಲ್ಲ, ಎರಡು. ಮೊಣಕಾಲು ಮೆಟ್ಟಿಲು ಹತ್ತಿಸಿಕೊಂಡಿತು, ಮೂರು. ದೊಡ್ಡ ದೊಡ್ಡ ಬೇಡಿಕೆ ನನಗೆ ಕೇಳಲು ಬರುವುದಿಲ್ಲ. ಉಳವಿಯಪ್ಪನಿಗೆ ನನ್ನೊಬ್ಬಳ ಕೆಲಸವೇ?

ಬೆಳ್ಳುಳ್ಳಿ ಹಾಕುವ ಹೊತ್ತಿಗೆ ಫೋನ್ ಬಂತು. ಮುಂಡಗೋಡದ ಹತ್ತಿರದ ಇಂದೂರಿನಿಂದ ನನ್ನ ತಂಗಿ ಗಂಗವ್ವ.

"ಅಕ್ಕಾ, ಅಂಬಿಕಾನಗರದಾವ್ರು ಹ್ಞೂಂ ಅಂದ್ರು! ಮುಂದಿನ ರವಿವಾರ ಎಲಿ-ಅಡಿಕಿ ಹಿಡಿಯೂದು. ನೀ ಎರಡು ದಿನ ಮೊದಲ ಬಾ."

ಗಂಗವ್ವನ ಮಗಳು ರೇಣಿಗೆ ನೋಡಿದ ಸಂಬಂಧ. ರೇಣಿ ಇಂದೂರಿನಲ್ಲಿ ಮನೆಯಲ್ಲೇ ಕೂತು ಕುಪ್ಪಸ ಹೊಲಿಯುತ್ತಾಳೆ. ಅವಳ ಕೈಯಲ್ಲಿ ಹೊಲಿಸಿಕೊಳ್ಳಲು ಮುಂಡಗೋಡದಿಂದ ಹೆಂಗಸರು ಬರುತ್ತಾರೆ. ಹುಡುಗ ಇಲ್ಲೇ, ನಮ್ಮ ದಾಂಡೇಲಿಯಿಂದ ಒಂದು ಬಸ್ಸಿನ ದಾರಿಯ ಅಂಬಿಕಾನಗರ ಕಾಲನಿಯವನು. ನಾನು ಕೈಯೊಳಗಿನ ಕಲಬತ್ತದ ಗುದ್ದು ಕೆಳಗಿಟ್ಟು, "ದೇವರು ದೊಡ್ಡಾವ" ಅಂದೆ.

"ಹುಡುಗಗ ಚೂರು ಸಿಟ್ಟು ಐತಂತ. ಅವರವ್ವ ತಾನಾಗಿ ಬಾಯಿ ಬಿಟ್ಟು ಹೇಳಿದ್ಲು, ಮುಚ್ಚಿಡಲಿಲ್ಲ ಪಾಪ. ಮದುವಿ ಆದ್ರ ರಿಪೇರಿ ಆಗ್ತಾನ ಅಂದ್ಲು."

"ಯಾರು ಮಾಡಾವ್ರು ರಿಪೇರಿ?"

"ಏ, ಏನಕ್ಕಾ ನೀ! ಮಾತಿಗೆ ಅಂದದ್ದು. ಗಂಡಸರಿಗೆ ಸಿಟ್ಟು ಇರೂದಿಲ್ಲೇನ? ನಮ್ಮ ಮಾವಗ ಇಲ್ಲೇನ?"

ಅವಳ ಮಾವ ಎಂದರೆ ನಮ್ಮವರು. ನಮ್ಮವರಿಗೆ ಸಿಟ್ಟು ಇದೆ, ಇಲ್ಲವೆನ್ನುವುದಿಲ್ಲ. ಸಿಟ್ಟು ಬಂದರೆ ಊಟ ಬಿಡುತ್ತಾರೆ. ಒಂದು ಹೊತ್ತು ಬಿಡುತ್ತಾರೆ, ಮುಂದಿನ ಹೊತ್ತಿಗೆ ಮಿಲ್ಲಿನ ಭೋಂಗಾ ಕೂಗುವ ಮೊದಲೇ ತಾಟು ಹಾಕಿಕೊಂಡು ಕೂತಿರುತ್ತಾರೆ. ಆ ಸಿಟ್ಟಿನಿಂದ ಈ ಮನೆಗಾದ ನಷ್ಟವೆಂದರೆ ಹಳಸಿದ ಒಂದು ಬಟ್ಟಲು ಸಾರು. ಆದರೂ ನಾನು ಗಂಗವ್ವನಿಗೆ ಮುಂದೆ ಏನೂ ಅನ್ನಲಿಲ್ಲ. ಶುಭ ಸುದ್ದಿ ಹೇಳುವಾಗ ಅಪಶಕುನ ಯಾಕೆ ಎಂದು ಫೋನ್ ಇಟ್ಟೆ. ಮತ್ತೆ ಗುದ್ದು ಹಿಡಿದವಳು ಎಚ್ಚರಾಗಿ ನೋಡಿದರೆ ಚಟ್ನಿ ಕುಟ್ಟಿ ಕುಟ್ಟಿ ಎಣ್ಣೆ ಬಿಟ್ಟು ಮುದ್ದೆಯಾಗಿತ್ತು. ಆ ಒಂದು ಮಾತು ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ನಾವು ಮೀನು ತಿನ್ನುವವರಲ್ಲ, ಆದರೂ ಹಾಗೇ ಕೂತಿರಬೇಕು ಅನಿಸಿತು.

ಈ ರಿಪೇರಿ ಎಂಬ ಮಾತು ನಮ್ಮವ್ವನ ಬಾಯಲ್ಲಿ ಇರಲಿಲ್ಲ ನೋಡಿ. ಕೌದಿ ಹರಿದರೆ ಅವಳು ತೇಪೆ ಹಚ್ಚುತ್ತಿದ್ದಳು. ಕೊಡ ಸೋರಿದರೆ ಬೆಸುಗೆ ಹಾಕಿಸುತ್ತಿದ್ದಳು. ಹಿತ್ತಾಳೆಗೆ ಕಲಾಯಿ, ಕುಡಗೋಲಿಗೆ ಸಾಣೆ, ಬೀಸುಕಲ್ಲು ಸವೆದರೆ ಉಳಿ ಪೆಟ್ಟು, ಮೊರದ ಕಣ್ಣು ಬಿಟ್ಟರೆ ಸಗಣಿ. ಒಂದೊಂದು ಮುರುಕಿಗೆ ಒಂದೊಂದು ಮಾತು. ಮಾತು ಕಿವಿಗೆ ಬಿದ್ದರೆ ಸಾಕು, ಏನು ಕೆಟ್ಟಿದೆ, ಯಾರ ಹತ್ತಿರ ಒಯ್ಯಬೇಕು ಎನ್ನುವುದು ಮಕ್ಕಳಿಗೂ ತಿಳಿಯುತ್ತಿತ್ತು. ನಮ್ಮ ತವರುಮನೆ ಮಳಗಿ ಎಂಬ ಊರಲ್ಲಿ. ಅಲ್ಲಿಗೆ ಬೇಸಿಗೆಯಲ್ಲಿ ಬೆಸುಗೆಯವನೊಬ್ಬ ಬರುತ್ತಿದ್ದ. ಇದ್ದಿಲು ಒಟ್ಟಿ ತಿದಿ ಒತ್ತುತ್ತಾ ಕೂತರೆ ನಾವು ಹುಡುಗಿಯರು ಸುತ್ತ ಕುಕ್ಕರಗಾಲಿನಲ್ಲಿ ಕೂತು ಬೆವರುತ್ತಾ ನೋಡುತ್ತಿದ್ದೆವು. ಕೊಡದ ತೂತಿಗೆ ಬೆಳ್ಳಗಿನ ಕಡ್ಡಿ ತಾಗಿಸಿದರೆ ಕಡ್ಡಿ ಪಾದರಸದಂತೆ ಹರಿದು ತೂತು ಮುಚ್ಚಿಕೊಳ್ಳುತ್ತಿತ್ತು. ಸಂಜೆಗೆ ಕಡ್ಡಿ ಬೆರಳುದ್ದ ಉಳಿಯುತ್ತಿತ್ತು. "ಇದು ಸಣ್ಣದಾತಲ್ಲ ಕಾಕಾ" ಎಂದು ನಾನೊಮ್ಮೆ ಮರುಗಿದ್ದಕ್ಕೆ ಅವನು ನಕ್ಕು, "ಕೊಡ ಗಟ್ಟಿ ಆಗಬೇಕಂದ್ರ ಇದು ಕರಗಬೇಕವ್ವಾ" ಅಂದಿದ್ದ. ಆಗ ಅದು ಬರೀ ಕಡ್ಡಿಯ ಮಾತಾಗಿತ್ತು.

ರಿಪೇರಿ ಎಂಬುದನ್ನು ನಾನು ಮೊದಲು ನೋಡಿದ್ದು ಓದುವ ಅಕ್ಷರವಾಗಿ. ಮಳಗಿಯ ಸೈಕಲ್ ಅಂಗಡಿಯ ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು. ಎರಡನೆಯ ಇಯತ್ತೆಯಲ್ಲಿದ್ದ ನಾನು ಶಾಲೆಗೆ ಹೋಗುವಾಗೊಮ್ಮೆ ಬರುವಾಗೊಮ್ಮೆ ಅದನ್ನು ಕೂಡಿಸಿ ಕೂಡಿಸಿ ಓದುತ್ತಿದ್ದೆ. ಆಮೇಲೆ ಅದು ತಗಡಿನಿಂದ ಇಳಿದು ಊರು ತುಂಬ ಓಡಾಡಿತು. ರಸ್ತೆ ರಿಪೇರಿ, ಮೋಟಾರು ರಿಪೇರಿ. ಆಮೇಲೆ ಹಲ್ಲು ರಿಪೇರಿ. ನಮ್ಮ ಓಣಿಯ ಅಜ್ಜಿಯೊಬ್ಬರು ಧಾರವಾಡಕ್ಕೆ ಹೋಗಿ ಪೊರೆ ತೆಗೆಸಿಕೊಂಡು ಬಂದು, "ಕಣ್ಣು ರಿಪೇರಿ ಮಾಡಿಸ್ಕೊಂಡು ಬಂದೆ, ಈಗ ನಿಮ್ಮ ಮನಿ ಮೂಲ್ಯಾಗಿನ ಜ್ಯಾಡೂ ಕಾಣತಾವು" ಎಂದು ನನ್ನ ಮನೆಯಲ್ಲೇ ಕೂತು ಹೇಳಿದ್ದರು. ನಮ್ಮವರಂತೂ ರಜೆ ಬಂದರೆ ಪಾನಾ ಹಿಡಿದು ನಳ ರಿಪೇರಿ ಮಾಡುತ್ತಾರೆ. ಮೊದಲು ಹನಿ ಹನಿಯಾಗಿ ಸೋರುತ್ತಿದ್ದದ್ದು ಅವರ ಕೈ ಹತ್ತಿದ ಮೇಲೆ ಧಾರೆಯಾಗಿ ಸೋರುತ್ತದೆ. ಇವಕ್ಕೆಲ್ಲ ನನ್ನ ತಕರಾರಿಲ್ಲ. ಮಾತು ಎಲ್ಲಿಂದಾದರೂ ಬರಲಿ, ಕೆಲಸಕ್ಕೆ ಬಂದರೆ ಸಾಕು.

ನನ್ನ ತಕರಾರು ಅದನ್ನು ಮನುಷ್ಯರಿಗೆ ಹಚ್ಚುವುದರ ಮೇಲೆ. ಶಾಲೆಯಲ್ಲಿ ಮಾಸ್ತರರು ಛಡಿ ಹಿಡಿದು, "ನಿಮ್ಮನ್ನೆಲ್ಲಾ ರಿಪೇರಿ ಮಾಡ್ತೇನಿ ಮಕ್ಕಳಾ" ಎನ್ನುತ್ತಿದ್ದದ್ದು ಹುಡುಗರಿಗೆ ಮಾತ್ರ. ಹುಡುಗಿಯರಿಗೆ ಆ ಮಾತು ಯಾರೂ ಅನ್ನಲಿಲ್ಲ, ಇವತ್ತಿಗೂ ಅನ್ನುವುದಿಲ್ಲ. ಹುಡುಗ ಕೆಟ್ಟರೆ ರಿಪೇರಿ ಇದೆ. ಹುಡುಗಿ ಕೆಟ್ಟಳು ಎಂದರೆ ಮುಗಿಯಿತು, ಕೆಟ್ಟಳು ಅಷ್ಟೇ. ಇನ್ನು ಮಾಸ್ತರರ ಛಡಿಗೂ ಬಗ್ಗದವರನ್ನು ರಿಪೇರಿ ಮಾಡಲು ಯಾರನ್ನೋ ಹುಡುಕಿ ತರಬೇಕಲ್ಲ? ಅದಕ್ಕೆ ಅಂಗಡಿ ಬೇಕಿಲ್ಲ. ಅರಿಸಿನ ಹಚ್ಚಿ, ದಂಡೆ ಕಟ್ಟಿ, ವಾಲಗ ಊದಿಸಿ ಕರೆತಂದರಾಯಿತು.

ಹೀಗೆ ಒಳಗೊಳಗೇ ಕುದಿಯುತ್ತಾ ನಾಲ್ಕು ಗಂಟೆಗೆ ಮಿಕ್ಸರ್ ತರಲು ಹೊರಟೆ.

ದಸ್ತಗೀರ ಭಾಯಿಯ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಇಪ್ಪತ್ತು ವರ್ಷದಿಂದ ನಮ್ಮ ಮನೆಯ ಇಸ್ತ್ರಿ, ಫ್ಯಾನು, ಕುಕ್ಕರು ಎಲ್ಲ ಅವರ ಕೈ ಕಂಡಿವೆ. ಅವರದೊಂದು ಪದ್ಧತಿ ಇದೆ. ತೆಗೆದ ಹಳೆಯ ಭಾಗವನ್ನು ಅವರು ಇಟ್ಟುಕೊಳ್ಳುವುದಿಲ್ಲ, ಎಸೆಯುವುದೂ ಇಲ್ಲ. ಅವರ ಹೆಂಡತಿ ಹಳೆಯ ಪರದೆಗಳಲ್ಲಿ ಹೊಲಿದುಕೊಟ್ಟ ಒಂದೇ ನಮೂನೆಯ ಸಣ್ಣ ಚೀಲಗಳಿವೆ. ಅದರಲ್ಲಿ ಹಾಕಿ, ಊರು-ಹೆಸರಿನ ಚೀಟಿ ಕಟ್ಟಿ, ಗೋಡೆಯ ಮೊಳೆಗೆ ನೇತುಹಾಕಿರುತ್ತಾರೆ. ಸಾಮಾನು ಒಯ್ಯುವಾಗ ಚೀಲವನ್ನೂ ಕೊಡುತ್ತಾರೆ. ಮನೆಗೆ ಹೋಗಿ ಹಳೆಯದನ್ನು ನೋಡಿಕೊಂಡು ನಾವು ಎಸೆದು, ಚೀಲ ವಾಪಸು ಮುಟ್ಟಿಸಬೇಕು. "ಮುರದಿದ್ದರೂ ಅದು ನಿಮ್ಮ ಸಾಮಾನ್ರಿ ಅಕ್ಕಾರ. ನನ್ನ ಹಂತೇಕ ಇರೂತನಾ ಅಮಾನತ್ತು" ಅನ್ನುತ್ತಾರೆ. ನಂಬಿ ಕೊಟ್ಟದ್ದನ್ನು ನಂಬಿದಂತೆಯೇ ತಿರುಗಿ ಮುಟ್ಟಿಸಬೇಕು ಎಂಬ ಅರ್ಥ ಅದಕ್ಕೆ.

ನಾನು ಹೋದಾಗ ಮಸೀದಿಯಲ್ಲಿ ಅಜಾನ್ ಶುರುವಾಗಿತ್ತು. ಭಾಯಿ ಅರ್ಧ ಶಟರ್ ಎಳೆದು ಟೋಪಿ ಹುಡುಕುತ್ತಿದ್ದರು.

"ಆಗೇತ್ರಿ ಅಕ್ಕಾರ. ಕಾರ್ಬನ್ ಸವದಿತ್ತು, ಹೊಸಾದು ಹಾಕೀನಿ. ಉದ್ದಿನಬ್ಯಾಳಿ ಹಾಕಿ ಗಂಟಗಟ್ಲೆ ತಿರುವಬ್ಯಾಡ್ರಿ, ಅದೂ ಜೀವ ಐತಿ" ಎಂದು ಮಿಕ್ಸರ್ ಕೊಟ್ಟು, ಮೊಳೆಯಿಂದ ಒಂದು ಚೀಲ ಎಳೆದು ನನ್ನ ಕೈಗೆ ತುರುಕಿ, ನಮಾಜಿಗೆ ಓಡಿದರು. ಸವೆದ ಕಾರ್ಬನ್ ಎಂದರೆ ಬೆರಳ ತುದಿಯಷ್ಟು ಎರಡು ತುಣುಕು. ಚೀಲ ಅದಕ್ಕೆ ತಕ್ಕದ್ದಕ್ಕಿಂತ ಭಾರವಾಗಿತ್ತು. ಆದರೆ ಸಿಟ್ಟಿನಲ್ಲಿದ್ದವಳಿಗೆ ಭಾರ ಎಲ್ಲಿ ತಿಳಿಯುತ್ತದೆ?

ಮನೆಗೆ ಬಂದು ಚೀಲ ನೆಲಕ್ಕೆ ಸುರಿದೆ. ಕುಕ್ಕರಿನ ಹಿಡಿಕೆ ಎರಡು. ಸೀಳಿದ ರಿಮೋಟು ಒಂದು. ಇಸ್ತ್ರಿಪೆಟ್ಟಿಗೆಯ ತುಂಡಾದ ಕೈ. ಮಿಕ್ಸರಿನ ಬುಡದ ಒಡೆದ ಪ್ಲಾಸ್ಟಿಕ್, ಅದೂ ಎರಡು ಬಣ್ಣದ್ದು. ಎಂದರೆ ಎರಡು ಮಿಕ್ಸರು. ದಾರದಲ್ಲಿ ನಾಲ್ಕು ಸಲದ ನಾಲ್ಕು ಚೀಟಿ ಪೋಣಿಸಿದ್ದರು. ನಾಲ್ಕರಲ್ಲೂ ಒಂದೇ ಬರಹ: "ಅಂಬಿಕಾನಗರ, ಶೋಭಕ್ಕ." ಕೆಳಗೆ, "ಬಿದ್ದದ್ದು." ನಾಲ್ಕರಲ್ಲೂ ಬಿದ್ದದ್ದು.

ರೇಣಿಗೆ ನೋಡಿದ ಹುಡುಗನ ತಾಯಿಯ ಹೆಸರು ಶೋಭಕ್ಕ.

ಹೆಸರಿನವರು ಹತ್ತು ಜನ ಇರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳುತ್ತಾ ಆ ಪ್ಲಾಸ್ಟಿಕ್ ತುಂಡು ತಿರುಗಿಸಿದೆ. ಒಡೆದ ಅಂಚಿಗೆ ಬಣ್ಣ ಹತ್ತಿತ್ತು. ತಿಳಿ ನೀಲಿ, ಗೋಡೆಯ ಬಣ್ಣ.

ಆ ನೀಲಿ ಗೋಡೆಯ ಕೆಳಗೆ ಕೂತು ನಾನು ಚಹಾ ಕುಡಿದು ಮೂರು ವಾರವಾಗಿತ್ತು. ನಮ್ಮಲ್ಲಿ ಹೆಣ್ಣಿನ ಕಡೆಯವರು ಮನೆ ನೋಡಲು ಹೋಗುವ ಪದ್ಧತಿ ಇದೆ. ಇಂದೂರಿನಿಂದ ಬರುವುದು ದೂರ, ನೀನು ಹತ್ತಿರದಲ್ಲಿದ್ದಿ, ನೀನೇ ನೋಡಿ ಬಾ ಎಂದು ಗಂಗವ್ವ ನನಗೆ ಒಪ್ಪಿಸಿದ್ದಳು. ನಾನು ರೇಷ್ಮೆ ಸೀರೆ ಉಟ್ಟು, ನಮ್ಮವರನ್ನು ಕಟ್ಟಿಕೊಂಡು, ದೊಡ್ಡ ಪಾರುಪತ್ಯಗಾರ್ತಿಯಂತೆ ಹೋಗಿದ್ದೆ. ಏನು ನೋಡಿದೆ? ಟೀವಿ ನೋಡಿದೆ, ಹೊಸದು. ಮಿಕ್ಸರ್ ನೋಡಿದೆ, ಹೊಸದು. ಕನ್ನಡಿ ಹೊಸದು, ಅದರ ಅಂಚಿನ ಪ್ಲಾಸ್ಟಿಕ್ಕನ್ನೂ ಇನ್ನೂ ಸುಲಿದಿರಲಿಲ್ಲ. ಒಳಬಾಗಿಲಿನ ಚಿಲಕ ಹೊಸದು. ಮನೆಗೆ ಬಂದವಳೇ ಗಂಗವ್ವನಿಗೆ ಫೋನ್ ಹಚ್ಚಿ, "ಮನಿ ತುಂಬ ಹೊಸಾ ಸಾಮಾನು ಅವ್ವಾ, ರೇಣಿ ಪುಣ್ಯಾ ಮಾಡ್ಯಾಳ" ಅಂದೆ. ಅವತ್ತು ಸಂಜೆ ದೀಪದ ಮುಂದೆ ಒಂದು ಬೆರಳನ್ನೂ ಅದಕ್ಕಾಗಿ ಮಡಚಿದೆ.

ಈಗ ನೆನಪಾದವು ಬೇರೆಯವು. ಚಹಾ ಕೊಟ್ಟ ಸ್ಟೀಲಿನ ಲೋಟದ ಬಾಯಿ ಸೊಟ್ಟಗಿತ್ತು. ಆ ಮನೆಯಲ್ಲಿ ಒಂದೇ ಒಂದು ಗಾಜಿನ ಸಾಮಾನು ಇರಲಿಲ್ಲ. ಉಪ್ಪಿನಕಾಯಿ ಕೂಡ ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು. ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ಕಿನಲ್ಲಿ ಇಡುವ ಹೆಂಗಸು ನಮ್ಮ ಕಡೆ ಯಾರಿದ್ದಾರೆ? ಮೂವತ್ತು ವರ್ಷ ಒಲೆಯ ಮುಂದೆ ನಿಂತವಳು ನಾನು, ಅದೊಂದನ್ನು ನೋಡಿಯೇ ಎದ್ದು ಬರಬೇಕಿತ್ತು. ನೋಡಿದೆ, ಕಾಣಲಿಲ್ಲ. ಓಣಿಯ ಅಜ್ಜಿಯಂತೆ ನನ್ನ ಕಣ್ಣೂ ಧಾರವಾಡ ಕಾಣಬೇಕಿತ್ತು.

ಚೀಲ ಬಿಚ್ಚಿದ ಆ ಸಂಜೆ ದೀಪ ಹಚ್ಚಿದೆ, ಬೆರಳು ಮಡಚಲಿಲ್ಲ. ದೇವರ ಮೇಲೂ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಮರುದಿನ ಮುಂಜಾನೆ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತೆ. ಭಾಯಿ ದೂರದಿಂದಲೇ ನನ್ನ ಕೈಯಲ್ಲಿನ ಚೀಲ ನೋಡಿ ಹಣೆ ಬಡಿದುಕೊಂಡರು.

"ತೋಬಾ, ತೋಬಾ! ತಪ್ಪಾತ್ರಿ ಅಕ್ಕಾರ. ನಿಮ್ಮ ಚೀಲ ಇಲ್ಲೇ ಐತಿ. ಅದನ್ನ ಇತ್ತ ಕೊಡ್ರಿ."

"ಕೊಡ್ತೇನಿ. ಇದನ್ನ ಯಾಕ ಇಷ್ಟು ದಿನಾ ಇಟಗೊಂಡೀರಿ?"

"ಮನಿಗೆ ಒಯ್ಯೂದು ಬ್ಯಾಡ ಭಾಯಿ, ನಿಮ್ಮ ಹಂತೇಕ ಇರಲಿ ಅಂತಾರ ಆ ಬಾಯಾರು. ನಾ ಏನ್ ಮಾಡಲಿ?"

"ನಾಲ್ಕರ ಮ್ಯಾಲೂ ಬಿದ್ದದ್ದು ಅಂತ ಬರದೀರಿ. ಬಿದ್ದಾವೇನು?"

ಭಾಯಿ ಶಟರ್ ಎತ್ತಿದರು. ಸ್ಟೂಲಿನ ಮೇಲಿನ ಧೂಳು ಒರೆಸಿದರು. ಮತ್ತೆ ಒರೆಸಿದರು.

"ಅವರು ಹೇಳಿದ್ದು ನಾ ಬರೀತೇನ್ರಿ. ಒಬ್ಬರ ಮನಿ ಸುದ್ದಿ ಇನ್ನೊಬ್ಬರಿಗೆ ಹೇಳೂದಿಲ್ಲ. ಹೇಳಿದ್ರ ನಾಳೆ ಯಾರು ಇಲ್ಲಿ ಸಾಮಾನು ಇಡ್ತಾರ?"

"ಮನಿ ಸುದ್ದಿ ಬ್ಯಾಡ. ಸಾಮಾನಿನ ಸುದ್ದಿ ಹೇಳ್ರಿ. ನಮ್ಮ ಹುಡುಗಿನ್ನ ಆ ಮನಿಗೆ ಕೊಡಾಕ ಹೊಂಟಾರ."

ಅವರ ಕೈ ನಿಂತಿತು. ಅವರಿಗೂ ಮೂವರು ಹೆಣ್ಣುಮಕ್ಕಳು. ನನ್ನ ಮುಖ ನೋಡದೆ, ಕಪಾಟಿನ ಕಡೆ ತಿರುಗಿ ಹೇಳಿದರು:

"ಬಿದ್ದ ಸಾಮಾನಿಗೆ ಒಂದ ಪೆಟ್ಟು ಇರ್ತೈತ್ರಿ ಅಕ್ಕಾರ. ಮೂಲಿಗಿ. ಒಗದ ಸಾಮಾನಿಗೆ ಎರಡು. ಗ್ವಾಡಿದೊಂದು, ನೆಲದ್ದೊಂದು."

ನಾನು ಮಿಕ್ಸರಿನ ತುಂಡು ಹೊರತೆಗೆಯಲು ಹೋದೆ. "ಬ್ಯಾಡ್ರಿ, ನಾ ನೋಡೀನಿ" ಅಂದರು.

ಚೀಲವನ್ನು ನೇರವಾಗಿ ಇಂದೂರಿಗೆ ಒಯ್ದು ಗಂಗವ್ವನ ಪಡಸಾಲೆಯಲ್ಲಿ ಸುರಿದುಬಿಡಬೇಕು ಎಂದು ನನ್ನ ಕೈ ತುರಿಸುತ್ತಿತ್ತು. ಭಾಯಿಗೆ ಅದು ತಿಳಿಯಿತು. "ಅಮಾನತ್ತರೀ ಅದು. ನೀವು ದೇವರಿಗೆ ಅಂಜಾವ್ರು" ಅಂದರು. ಆ ಗಳಿಗೆಯಲ್ಲಿ ದೇವರಿಗೆ ಅಂಜುವುದು ಎಷ್ಟು ಬೇಜಾರಿನ ಕೆಲಸ ಅನಿಸಿತೆಂದರೆ!

"ಅಮಾನತ್ತು ಅಂದ್ರ ಧಣಿಗೆ ಮುಟ್ಟಬೇಕಲ್ಲ? ನಾನ ಮುಟ್ಟಸ್ತೇನಿ" ಅಂದವಳು ಹತ್ತರ ಬಸ್ಸು ಹಿಡಿದೆ.

ಹುಡುಗ ಮನೆಯಲ್ಲಿರಲಿಲ್ಲ, ಬಾಗಿಲಿಗೆ ಶೋಭಕ್ಕ ಒಬ್ಬರೇ ಬಂದರು. ಬೀಗತಿ ಬಂದಳೆಂದು ನಗುತ್ತಾ ಬಾಗಿಲು ತೆಗೆದವರು, ನನ್ನ ಕೈಯಲ್ಲಿನ ಪರದೆ ಬಟ್ಟೆಯ ಚೀಲ ನೋಡಿ ಮೊದಲು ನನ್ನನ್ನಲ್ಲ, ಬೀದಿಯನ್ನು ನೋಡಿದರು. "ಯಾರರ ನೋಡಿದ್ರೇನ್ರಿ?" ಅದೇ ಅವರ ಮೊದಲ ಮಾತು.

ಒಳಗೆ ಕೂತೆವು. ನಾನು ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ಹೇಳಿಕೊಂಡು ಬಂದ ಮಾತುಗಳೆಲ್ಲ ಬಾಯಿಗೆ ಒಟ್ಟಿಗೇ ಬಂದವು.

"ಒಗದಾನೋ ಬಿದ್ದಾವೋ?"

"ಒಗದಾನ್ರಿ."

"ನಿಮ್ಮ ಮ್ಯಾಲೇನು?"

"ಇಲ್ರಿ ಇಲ್ರಿ, ಗ್ವಾಡಿಗೆ. ನಾ ಅಡ್ಡ ಬಂದ್ರ ಅಷ್ಟ." ಎಡಗೈ ತಾನಾಗಿ ಸೆರಗಿನೊಳಗೆ ಹೋಯಿತು. "ಹುಡುಗ ಕೆಟ್ಟಾವಲ್ರಿ ಅಕ್ಕಾರ. ಕುಡಿಯೂದಿಲ್ಲ, ಇಸ್ಪೀಟ್ ಆಡೂದಿಲ್ಲ. ಸಿಟ್ಟು ಇಳದ ಮ್ಯಾಲೆ ತಾನ ಹೋಗಿ ಹೊಸಾದು ತರ್ತಾನ."

"ಹೊಸಾ ಕೈನೂ ತರ್ತಾನೇನು?"

ಅವರು ಆ ಸೆರಗು ಇನ್ನಷ್ಟು ಎಳೆದುಕೊಂಡರು. ಆಮೇಲೆ ಮೆಲ್ಲಗೆ, "ನಿಮ್ಮ ರೇಣುಕಾ ಭಾಳ ಸಮಾಧಾನದಾಕಿ. ನಾಲ್ಕು ಹುಡುಗ್ಯಾರನ್ನ ನೋಡಿ ಅದಕ್ಕ ಆಕಿನ್ನ ಆರಿಸಿದೆ. ಆಕಿ ಬಂದ್ರ ರಿಪೇರಿ ಆಗ್ತಾನ ಅಂತ..."

ನೋಡಿ, ಅಲ್ಲಿ ನನ್ನ ತಲೆಗೆ ಏರಿತು. ಆರಿಸಿದ್ದರಂತೆ! ಮಳಗಿಯ ಆ ಬೆಸುಗೆಯವನೂ ಕಡ್ಡಿ ಆರಿಸುತ್ತಿದ್ದ, ಬೇಗ ಕರಗುವಂಥದ್ದನ್ನು.

"ಹೆತ್ತು ಬೆಳೆಸಿದ ನಿಮ್ಮ ಕೈಲೆ ಇಪ್ಪತ್ತೆಂಟು ವರ್ಷ ಆಗದ್ದು, ಕುಪ್ಪಸ ಹೊಲಿಯೂ ಹುಡುಗಿ ಕೈಲೆ ಹೆಂಗ ಆಗ್ತೈತ್ರಿ? ಆಕಿ ಏನು ಅಂಗಡಿ ಇಟ್ಟಾಳೇನು? ದಸ್ತಗೀರ ಭಾಯಿನೂ ಆಗದ ಸಾಮಾನಿಗೆ ಆಗೂದಿಲ್ಲ ಅಂತಾರ, ಮುಖದ ಮ್ಯಾಲೆ ಅಂತಾರ. ನೀವು ಯಾಕ ಅನ್ನಲಿಲ್ಲ?"

"ನಮ್ಮತ್ತೀನೂ ಹಿಂಗ ಅಂದ ನನ್ನ ಈ ಮನಿಗೆ ತಂದಿದ್ಲ್ರಿ."

ಈ ಮಾತು ನಾನು ಎಣಿಸಿರಲಿಲ್ಲ. "ಆತೇನು ರಿಪೇರಿ?" ಅಂದೆ.

"ಆತ್ರಿ. ನಮ್ಮವರಿಗೆ ಬೀಪಿ ಬಂತು, ಒಂದು ಬಾಜೂ ಸೋತೈತಿ. ಈಗ ಕೈ ಮ್ಯಾಲೆ ಏಳೂದಿಲ್ಲ."

ಅವರು ಎದ್ದು ಚಹಾ ಇಟ್ಟರು. ಸೊಟ್ಟ ಬಾಯಿಯ ಲೋಟದಲ್ಲೇ ತಂದರು, ಬೇರೆ ಇರಬೇಕಲ್ಲ. ಅವರ ಮೇಲೆ ಕನಿಕರ ಉಕ್ಕಿತು, ಇಬ್ಬರೂ ಅಪ್ಪಿಕೊಂಡು ಅತ್ತೆವು ಎಂದು ಇಲ್ಲಿ ಬರೆದರೆ ಓದಲು ಚೆನ್ನಾಗಿರುತ್ತದೆ. ನನಗೆ ಬಂದದ್ದು ಸಿಟ್ಟೇ. ತಮ್ಮ ಕೈ ಸುಟ್ಟ ಪಾತ್ರೆಯನ್ನೇ ಬಟ್ಟೆಯಿಲ್ಲದೆ ಇನ್ನೊಬ್ಬಳ ಕೈಗೆ ಕೊಡುತ್ತಾರಲ್ಲ! ಆದರೆ ಚಹಾ ಬೇಡ ಎನ್ನುವುದು ನಮ್ಮ ಕಡೆ ಋಣ ಹರಿದುಕೊಂಡಂತೆ. ಅಷ್ಟು ಮಾಡಲು ಮನಸ್ಸಾಗಲಿಲ್ಲ. ಹೆಬ್ಬೆರಳಿನಿಂದ ಲೋಟದ ನೆಗ್ಗು ಸವರುತ್ತಾ ಕುಡಿದೆ.

ಹೊರಡುವಾಗ ಹೇಳಿದೆ: "ನೋಡ್ರಿ, ಚೀಲ ನಿಮ್ಮದು, ನಿಮಗ ಮುಟ್ಟೇತಿ. ನಾ ಇದನ್ನ ನಮ್ಮ ತಂಗಿಗೆ ಹೇಳೂದ. ನಿಮ್ಮ ಬೆನ್ನ ಹಿಂದ ಹೇಳಬಾರದು ಅಂತ ಮುಂದ ಹೇಳಾಕ ಬಂದೀನಿ."

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಬೇಡ ಅನ್ನುತ್ತಾರೆ, ಕೈ ಮುಗಿಯುತ್ತಾರೆ ಎಂದುಕೊಂಡೆ.

"ಹೇಳ್ರಿ ಅಕ್ಕಾರ" ಅಂದರು. "ನಮ್ಮವ್ವಗೂ ಯಾರರ ಹೇಳಿದ್ದ್ರ ಆಗ್ತಿತ್ತು."

ಎರಡು ಗಂಟೆಗೆ ಮನೆ ಮುಟ್ಟಿದೆ. ಚಪ್ಪಲಿ ಬಿಡುವ ಮೊದಲೇ ಗಂಗವ್ವನಿಗೆ ಫೋನ್ ಹಚ್ಚಿದೆ. ಎಲ್ಲ ಹೇಳಿದೆ. ನೀಲಿ ಬಣ್ಣ, ಎರಡು ಪೆಟ್ಟು, ಸೆರಗಿನೊಳಗೆ ಹೋದ ಕೈ, ಏನೂ ಬಿಡಲಿಲ್ಲ.

"ಊರಿಗೆಲ್ಲಾ ಹೇಳೀವಿ, ಈಗ ಹೆಂಗ ಬ್ಯಾಡ ಅನ್ನೂದು?" ಗಂಗವ್ವನ ದನಿ ಏರಿತು. "ಮನಿ ನೋಡಿ ಬಂದಾಕಿ ನೀನ ಅಲ್ಲೇನ? ಹೊಸಾ ಟೀವಿ, ಹೊಸಾ ಮಿಕ್ಸರ್, ರೇಣಿ ಪುಣ್ಯಾ ಮಾಡ್ಯಾಳ ಅಂತ ಅಂದಾಕಿ ಯಾರು?"

"ನಾನ" ಅಂದೆ. "ನನ್ನ ಕಣ್ಣಿಗೆ ಮಣ್ಣು ಬಿದ್ದಿತ್ತು. ಸಾಮಾನು ನೋಡಿ ಬಂದೆ, ಮನಿ ನೋಡಲಿಲ್ಲ. ರವಿವಾರ ಬಂದು ಮಂದಿ ಮುಂದ ಕೂತು ಇದನ್ನ ಹೇಳ್ತೇನಿ. ಬೈಗಳಾ ನನಗ ಬೀಳಲಿ."

ಆ ಕಡೆ ಮಷೀನಿನ ಗಾಲಿ ತಿರುಗುವ ಸದ್ದು ಕೇಳುತ್ತಿತ್ತು, ಅದು ನಿಂತಿತು. ಫೋನ್ ಕೈ ಬದಲಾಯಿತು.

"ದೊಡ್ಡವ್ವಾ, ನಾ ರೇಣಿ. ಸ್ಪೀಕರ್ ಇತ್ತು, ಎಲ್ಲಾ ಕೇಳೀನಿ."

"ಏನಂತಿ ಮತ್ತ?"

"ಒಲ್ಲೆ ಅಂತೇನಿ. ಅಪ್ಪಗ ನಾನ ಹೇಳ್ತೇನಿ. ರವಿವಾರದತನಾ ಯಾಕ, ಇವತ್ತ ಅವರಿಗೂ ಫೋನ್ ಮಾಡಿಸ್ತೇನಿ."

"ನಿಮ್ಮಪ್ಪ ಸುಮ್ನ ಇರ್ತಾನೇನು?"

"ಕೂಗಾಡ್ತಾನ. ಕೂಗಾಡಲಿ, ಕೈಗೆ ಸಿಕ್ಕದ್ದು ಒಗಿಯೂದಿಲ್ಲಲ್ಲ." ಆಮೇಲೆ ಅವಳೇ ಕೇಳಿದಳು: "ದೊಡ್ಡವ್ವಾ, ಆ ಅತ್ತಿ ಕೈ ಭಾಳ ನೋವಾಗೇತೇನು?"

ನೋಡಿದಿರಾ, ಈ ಹುಡುಗಿಯನ್ನೇ ಅವರು ಆರಿಸಿದ್ದು! ಹ್ಞೂಂ ಅಂದೆ. ಅವಳ ಹಿಂದೆ ಗಂಗವ್ವ ಮೂಗು ಸೀಟುವುದು ಕೇಳಿಸಿತು. ಆಮೇಲೆ ಅವಳೇ ದೂರದಿಂದ ಕೂಗಿದಳು, "ರವಿವಾರ ಹೆಂಗೂ ಬಾ ಅಕ್ಕಾ. ಎರಡು ಸೇರು ಶೇಂಗಾ ಹುರದಿಟ್ಟೀನಿ, ಏನ್ ಮಾಡಲಿ ಅದನ್ನ?"

ಫೋನ್ ಇಟ್ಟು ಜಗಲಿಯ ಮುಂದೆ ನಿಂತೆ. ದೀಪದ ಹೊತ್ತಲ್ಲ, ಆದರೂ ಹಿಂದಿನ ದಿನದ ಬಾಕಿ ಇತ್ತಲ್ಲ. ಭಾಯಿಗೆ ನಮಾಜಿನ ಅವಸರ ಕೊಟ್ಟದ್ದು ಒಂದು. ಅವರ ಕೈ ಬೇರೆ ಮೊಳೆಗೆ ಹೋದದ್ದು ಎರಡು. ಹತ್ತರ ಬಸ್ಸು ಸಿಕ್ಕದ್ದು ಮೂರು. ರೇಣಿಯ ಫೋನ್ ಸ್ಪೀಕರಿನಲ್ಲಿದ್ದದ್ದು ನಾಲ್ಕು. ಐದನೆಯ ಬೆರಳು ಮಡಚಲು ಹೋದರೆ ಅಂಬಿಕಾನಗರದ ಬಾಗಿಲ ಚೌಕಟ್ಟು ಹಿಡಿದ ಕೈ ನೆನಪಾಯಿತು. ಅದಕ್ಕೆ ಯಾವ ಉಪಕಾರ ಎಂದು ಹೇಳಲಿ? ಕಿರುಬೆರಳನ್ನು ನೆಟ್ಟಗೇ ಬಿಟ್ಟೆ. ನೀನೇ ನೋಡಿಕೋ ಅಂದೆ ದೇವರಿಗೆ, ಸ್ವಲ್ಪ ಗಡುಸಾಗಿಯೇ.

ಅಷ್ಟರಲ್ಲಿ ಹುಳಿವಾಸನೆ ಬಂತು. ಮುಂಜಾನೆ ದೋಸೆಗೆಂದು ನೆನೆಹಾಕಿ ಹೋದ ಅಕ್ಕಿ, ಉದ್ದಿನಬೇಳೆಯ ನೀರು ಬಿಸಿಲಿಗೆ ನೊರೆಗಟ್ಟಿತ್ತು. ಬಸಿದು, ಮೂರು ನೀರು ತೊಳೆದು, ಮಿಕ್ಸರನ್ನು ಕಟ್ಟೆಯ ಮೇಲೆ ಇಟ್ಟೆ. ಜಾರಿಗೆ ಸ್ವಲ್ಪ ಸ್ವಲ್ಪವೇ ಬೇಳೆ ಹಾಕಿ, ಮುಚ್ಚಳದ ಮೇಲೆ ಕೈ ಒತ್ತಿ ಹಿಡಿದು, ಬಟನ್ ತಿರುಗಿಸಿದೆ.